ಚರ್ಮದಡಿಯ ಕಲ್ಲಿನಂಥ ಗಂಟು: ಕ್ಯಾನ್ಸರ್ ಅಲ್ಲ ಅಂತ ಖಚಿತ ಆಗೋದು ಹೇಗೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದ ಕೇಳ್ತಿದ್ದರೂ ಒಂದ್ಸಲ ಕೆನ್ನೆ, ಕುತ್ತಿಗೆ, ತೋಳು ಮುಟ್ಟಿ ನೋಡ್ಕೊಳ್ಳಿ. ಚರ್ಮದ ಕೆಳಗೆ ಅವರೆಕಾಳಿನಷ್ಟು ಗಂಟಿದ್ದು, ಅದು ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಈ ಸಂಚಿಕೆ ನಿಮಗೇ.

ನಾನು ಹೇಳ್ತಿರೋದು ಪೈಲೋಮ್ಯಾಟ್ರಿಕೋಮಾ ಬಗ್ಗೆ. ಕೂದಲಿನ ಬುಡದ ಜೀವಕೋಶಗಳಿಂದ ಬೆಳೆಯುವ ಗಡ್ಡೆ ಇದು. ಅಪರೂಪ, ಬಂದರೆ ಹೆಚ್ಚಾಗಿ ಮಕ್ಕಳಿಗೆ, ಹರೆಯದವರಿಗೆ. ಕ್ಯಾನ್ಸರ್ ಅಲ್ಲ. 1880ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಮೊದಲು ವಿವರಿಸಿದಾಗ ಚರ್ಮದ ಎಣ್ಣೆಗ್ರಂಥಿಯ ಗಡ್ಡೆ ಅಂದುಕೊಂಡಿದ್ದರು. ಕೂದಲಿನ ಬುಡವನ್ನು ಸೂಚಿಸುವ ಈಗಿನ ಹೆಸರು ಬಂದದ್ದು 1961ರಲ್ಲಿ.

ಇಂಥ ಗಂಟು ಕಂಡರೆ ಮನೆಯಲ್ಲಿ "ಕೊಬ್ಬಿನ ಗಡ್ಡೆ, ಬಿಡು" ಅಂತಾರೆ. ಆದರೆ ಕೊಬ್ಬಿನ ಗಡ್ಡೆ ಮೆತ್ತಗಿರುತ್ತೆ. ಇದರೊಳಗೆ ಕ್ಯಾಲ್ಸಿಯಂ ಸೇರಿಕೊಳ್ಳೋದರಿಂದ ಗಟ್ಟಿ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಮೇಲೇಳುತ್ತೆ, ಪಾರ್ಕಿನ ಸೀಸಾ ಹಾಗೆ. ಇದು ಡಾಕ್ಟರಿಗೆ ಸಿಗುವ ಸುಳಿವು ಮಾತ್ರ, ತೀರ್ಪಲ್ಲ.

ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ಪರೀಕ್ಷೆಯೂ ಇಲ್ಲಿ ಕೆಲವೊಮ್ಮೆ ದಾರಿ ತಪ್ಪಿಸುತ್ತೆ. ಈ ಗಡ್ಡೆಯಲ್ಲಿ ಎರಡು ಥರದ ಜೀವಕೋಶ ಇರುತ್ತವೆ. ಒಂದು, ವೇಗವಾಗಿ ಹೆಚ್ಚುವ ಎಳೆಯ ಜೀವಕೋಶ. ಇನ್ನೊಂದು, ನಡುವಿನ ನ್ಯೂಕ್ಲಿಯಸ್ ಮಾಯವಾಗಿ ಬರೀ ಖಾಲಿ ಗುರುತು ಉಳಿದ 'ಘೋಸ್ಟ್ ಸೆಲ್', ಅಂದರೆ ದೆವ್ವದಂಥ ಜೀವಕೋಶ. ಸೂಜಿಗೆ ಮೊದಲನೆಯದು ಮಾತ್ರ ಸಿಕ್ಕಿದರೆ ಕ್ಯಾನ್ಸರ್ ಅನ್ನೋ ಅನುಮಾನ ಬರಬಹುದು. ಅದೊಂದೇ ರಿಪೋರ್ಟ್ ನೋಡಿ ಎದೆಗುಂದಬೇಡಿ.

ಖಚಿತ ಉತ್ತರ ಕೊಡೋದು ಬಯಾಪ್ಸಿ. ಸಾಮಾನ್ಯವಾಗಿ ಆ ಜಾಗ ಮಾತ್ರ ಮರಗಟ್ಟಿಸಿ ಇಡೀ ಗಂಟನ್ನು ತೆಗೀತಾರೆ. ಅದೇ ಚಿಕಿತ್ಸೆ, ಅದೇ ಪರೀಕ್ಷೆ. ಪೂರ್ತಿ ತೆಗೆದರೆ ಮತ್ತೆ ಬರೋದು ಕಡಿಮೆ.

ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಕೇಳಿ: "ಸರ್, ತೆಗೆದ ಗಂಟು ಪ್ಯಾಥಾಲಜಿಗೆ ಹೋಗುತ್ತಾ?" ಅದು ಫಾರ್ಮಲಿನ್ ತುಂಬಿದ ಬಾಟಲಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ. ನಿಮ್ಮ ತಾಲ್ಲೂಕಿನಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ಎಲ್ಲಿಗೆ ಕಳಿಸ್ತಾರೆ ಅಂತಲೂ ಕೇಳಿ. ಹಾಸನದಲ್ಲಿ 2006ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಹಿಮ್ಸ್ ಇದೆ.

ಗಂಟನ್ನು ಹಿಸುಕಬೇಡಿ, ಸುಡಬೇಡಿ. ಬೇಗ ದಪ್ಪ ಆಗ್ತಿದ್ದರೆ, ಹುಣ್ಣಾದರೆ, ತೆಗೆಸಿದ ಮೇಲೂ ಮತ್ತೆ ಬಂದರೆ ತಡಮಾಡಬೇಡಿ. ಇದರ ಕ್ಯಾನ್ಸರ್ ರೂಪವೂ ಇದೆ, ಬಹಳ ವಿರಳ. ಹೊಲಿಗೆ ಬಿಚ್ಚಿದ ದಿನಕ್ಕೇ ಕೆಲಸ ಮುಗಿಯಲ್ಲ. ಬಯಾಪ್ಸಿ ರಿಪೋರ್ಟ್ ಕೈಗೆ ತಗೊಂಡು, ಡಾಕ್ಟರ್ ಹತ್ತಿರ ಓದಿಸಿ, ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ.