ಜೂನ್ ಒಂದನೆಯ ತಾರೀಖು

ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರೆಂದು ಶಾಲೆಯ ದಾಖಲೆಗಳು ಸಾರುತ್ತವೆ. ಇದರಲ್ಲಿ ಗ್ರಹಗತಿಯ ವಿಶೇಷವೇನೂ ಇಲ್ಲ. ಹುಟ್ಟಿದ ತಾರೀಖು ತಿಳಿಯದ ಮಕ್ಕಳಿಗೆ, ಹೆಸರು ಹಚ್ಚುವ ದಿನ ಮಾಸ್ತರರು ದಯಪಾಲಿಸಿದ ಜನ್ಮದಿನವದು. ಆ ಮಾಸ್ತರರಲ್ಲಿ ನಾನೂ ಒಬ್ಬ. ನಿವೃತ್ತನಾಗಿ ಅಕ್ಕೋಳದ ಮನೆಯಲ್ಲಿ ಕುಳಿತಿರುವ ನನಗೆ ಆ ಔದಾರ್ಯದ ಲೆಕ್ಕ ಕೊಡುವ ಪ್ರಸಂಗ ಈಚೆಗೆ ಒದಗಿತು.

ಹಳೆಯ ವಿದ್ಯಾರ್ಥಿಯೊಬ್ಬನು ತಾಯಿಯೊಡನೆ ಬಂದನು. ಕೈಯಲ್ಲಿ ಸರಕಾರಿ ನೌಕರಿಯ ನಮೂನೆ. ಎಲ್ಲವನ್ನೂ ತುಂಬಿ ಒಂದು ಪ್ರಶ್ನೆಯನ್ನು ಮಾತ್ರ ಬಿಟ್ಟಿದ್ದನು: ತಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಮೊಕದ್ದಮೆ ನಡೆದಿತ್ತೇ?

“‘ಇಲ್ಲ’ ಅಂತ ಬರದ್ರ ಯಾರಿಗೆ ತಿಳಿತೈತ್ರಿ ಸರ್?” ಎಂದನು.

2019ರ ಆಗಸ್ಟಿನ ಮಹಾಪೂರವನ್ನು ಈ ಭಾಗದವರು ಮರೆತಿಲ್ಲ. ವೇದಗಂಗೆ, ದೂಧಗಂಗೆಗಳು ಹೊಲಗಳ ಮೇಲೆ ಹರಿದು ಇಳಿದಾಗ ಇವರ ಹೊಲದ ಬದು ಕೊಚ್ಚಿಹೋಗಿತ್ತು. ಅದು ಎಲ್ಲಿತ್ತೆಂಬ ಮಾತಿಗೆ ಮಾತು ಬೆಳೆದು, ತಿಂಗಳ ಕೊನೆಗೆ ಹುಡುಗನ ಕೈಯ ಕುಡಗೋಲು ದಾಯಾದಿಯ ತೋಳಿಗೆ ತಗಲಿತು. ಗಾಯ ಮಾಗಿತು, ಮನೆಗಳೂ ಕೂಡಿದವು; ಕೇಸು ಮಾತ್ರ ನಡೆಯಿತು. ತಪ್ಪೊಪ್ಪಿಕೊಂಡವನನ್ನು ನ್ಯಾಯಾಧೀಶರು ಸೆರೆಗೆ ಕಳಿಸದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ ಮೇರೆಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು.

ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಬೆನ್ನಿಗೆ ಬರುವ ಅನರ್ಹತೆ ಅಂಟದೆಂದು ಆ ಕಾಯಿದೆಯ 12ನೆಯ ಕಲಮು ಹೇಳುತ್ತದೆ. ಆದರೆ ಅಪರಾಧಿಯೆಂಬ ತೀರ್ಪು ಅದರಿಂದ ಅಳಿಯದು. 1990ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಬ್ರಿಟನ್ನಿನಲ್ಲಿ 1974ರ ಕಾಯಿದೆಯಿಂದಾಗಿ, ನಿಯಮಿತ ವರ್ಷಗಳು ಶುದ್ಧವಾಗಿ ಕಳೆದರೆ ಸಣ್ಣ ಶಿಕ್ಷೆ ಸವೆದುಹೋದಂತೆ. ನಮ್ಮಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಕಾಯಿದೆಯಿಲ್ಲ. 2011ರಲ್ಲಿ ದಿಲ್ಲಿ ಪೊಲೀಸ್ ಹುದ್ದೆಯ ಉಮೇದುವಾರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಕ್ಟರ್ ಹ್ಯೂಗೋನ ಜೀನ್ ವಾಲ್ಜೀನನನ್ನು ನೆನೆದು, ಎಳೆಯರ ಅವಿವೇಕವನ್ನು ಮನ್ನಿಸುವ ಮಾತನ್ನಾಡಿತು. ರೊಟ್ಟಿ ಕದ್ದ ಕಾದಂಬರಿಯ ಕಳ್ಳನೊಬ್ಬ ತೀರ್ಪಿನೊಳಗೆ ಬಂದು ನಿಂತದ್ದು, ಕಥೆ ಓದುವ ಚಟವುಳ್ಳ ನನಗೆ ಬಲು ಹಿತವೆನಿಸಿತ್ತು. ಆದರೆ 2016ರ ಅವತಾರ್ ಸಿಂಗ್ ಪ್ರಕರಣದ ತೀರ್ಪು ಹೆಚ್ಚು ಬಿಗಿಯಾದುದು. ಮುಚ್ಚಿಟ್ಟರೆ ನೌಕರಿಗೇ ಸಂಚಕಾರ ಬರಬಹುದು. ನಿಜ ನುಡಿದವನನ್ನೂ ತೆಗೆದುಕೊಳ್ಳಲೇಬೇಕೆಂದಿಲ್ಲ, ಪೂರ್ವಾಪರ ತೂಗುವ ಅಧಿಕಾರ ನೇಮಿಸುವವರದು.

“ಇದ್ದದ್ದನ್ನು ಇದ್ದ ಹಾಗೆ ಬರಿ. ಕೋರ್ಟಿನ ಆದೇಶದ ನಕಲು ಹಚ್ಚು” ಎಂದೆ. ಉಪದೇಶ ಮಾಡುವುದು ನನಗೆ ರೂಢಿಯಾದ ಕೆಲಸ.

ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ, “ಆವಾಗ ಇನ್ನಾ ಹದಿನೆಂಟ ತುಂಬಿರಲಿಲ್ರಿ ಮಾಸ್ತರ್ರ. ದೀಪಾವಳಿ ಪಾಡ್ಯಾಕ್ಕ ಹುಟ್ಟಿದಾಂವ” ಎಂದಳು.

ನಾನು ಬೆಚ್ಚಿದೆ. 2015ರ ಬಾಲನ್ಯಾಯ ಕಾಯಿದೆಯಂತೆ ಹದಿನೆಂಟು ತುಂಬದವನಿಗೆ ತೀರ್ಪಿನಿಂದ ಯಾವ ಅನರ್ಹತೆಯೂ ಬಾರದು. ಗೊತ್ತಾದ ಅವಧಿಯ ಮೇಲೆ ದಾಖಲೆಯನ್ನೇ ನಾಶಮಾಡಬೇಕು. ಘೋರ ಅಪರಾಧಗಳ ಮಾತು ಬೇರೆ. ಆದರೆ ವಯಸ್ಸಿಗೆ ಮೊದಲ ಆಧಾರ ಶಾಲೆಯ ಕಾಗದ. ಅದರಲ್ಲಿರುವುದು 2001ರ ಜೂನ್ 1. ಆ ಲೆಕ್ಕಕ್ಕೆ ಬಡಿದಾಟದ ದಿನ ಹದಿನೆಂಟು ತುಂಬಿ ಮೂರು ತಿಂಗಳಾಗುತ್ತ ಬಂದಿತ್ತು. 2007ರಲ್ಲಿ ಹುಡುಗನನ್ನು ಕರೆತಂದಾಗಲೂ ಆಕೆ ದೀಪಾವಳಿಯೆಂದೇ ಹೇಳಿದ್ದಳು. ಆರು ತುಂಬಿಲ್ಲ, ಒಂದು ವರ್ಷ ವ್ಯರ್ಥವಾದೀತೆಂದು ತಾರೀಖನ್ನು ಹಿಂದಕ್ಕೆ ಸರಿಸಿದವನು ನಾನು. “ನಿಮಗ ತಿಳಿದ್ಹಂಗ ಬರಕೋರಿ” ಎಂದಿದ್ದಳು. ಈಗಲೂ ಆಕೆಯ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ.

ವಯಸ್ಸು ತುಂಬಿರಲಿಲ್ಲವೆಂಬ ವಾದವನ್ನು ಮೊಕದ್ದಮೆ ಮುಗಿದ ಮೇಲೂ ಎತ್ತಲು ಕಾಯಿದೆಯಲ್ಲಿ ಅವಕಾಶವುಂಟು. ಚಿಕ್ಕೋಡಿಯ ಪರಿಚಿತ ವಕೀಲರನ್ನು ಕೇಳಿದೆ. “ಶಾಲೆಯ ಕಾಗದ ಎದುರಿಗಿರುವಾಗ ನಿಮ್ಮ ಮಾತು ಎಷ್ಟು ನಿಂತೀತು? ಸುಳ್ಳು ಬರೆದೆನೆಂದು ನೀವೇ ಪ್ರಮಾಣ ಮಾಡಬೇಕು. ಪೆನ್ಶನ್ನಿನ ವಿಚಾರವನ್ನೂ ಯೋಚಿಸಿಕೊಳ್ಳಿ” ಎಂದರು.

ಹುಡುಗನು ಅಂದೇ ನನ್ನ ಮೇಜಿನ ಮೇಲೆ ‘ಹೌದು’ ಎಂದು ಬರೆದು ಹೋದನು. ದುಂಡಗಿನ ಅಕ್ಷರ, ನಾನೇ ತಿದ್ದಿಸಿದ್ದು. ಅದೇ ಮೇಜಿನ ಮೇಲೆ ಈಗ ನನ್ನ ಪ್ರಮಾಣಪತ್ರದ ಕರಡು ಇದೆ. ಸೋಮವಾರ ಚಿಕ್ಕೋಡಿಗೆ ಹೋಗಬೇಕು.