ಮೂತ್ರಪಿಂಡದಿಂದ ಮಲೇರಿಯಾದವರೆಗೆ

ಮಕ್ಕಳೇ, ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಇದನ್ನು ಅಳೆಯುವುದು ಹೇಗೆ? ಡೇಲಿಯಾ ಗೆಡ್ಡೆಯಲ್ಲಿರುವ ಇನ್ಯುಲಿನ್ (ಇನ್ಸುಲಿನ್ ಅಲ್ಲ!) ಒಮ್ಮೆ ಸೋಸಿಹೋದರೆ ರಕ್ತಕ್ಕೆ ಮರಳದು. ಅದನ್ನು ರಕ್ತಕ್ಕೆ ಸೇರಿಸಿ, ಮೂತ್ರದಲ್ಲಿ ಎಷ್ಟು ಬಂತೆಂದು ಲೆಕ್ಕ ಹಾಕಬಹುದು. 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೋಮರ್ ಸ್ಮಿತ್ ಅವರೊಂದಿಗೆ ಹೀಗೆ ಅಳೆದವರು ವೈದ್ಯ ಜೇಮ್ಸ್ ಶಾನನ್.

1942ರಲ್ಲಿ ಜಾವಾ ದ್ವೀಪ ಜಪಾನಿನ ವಶವಾಯಿತು. ಅಮೆರಿಕಕ್ಕೆ ಅಲ್ಲಿಂದ ಕ್ವಿನೈನ್ ಬರುವುದು ನಿಂತಿತು. ಬದಲಿ ಮಾತ್ರೆ ಅಟಾಬ್ರಿನ್ ನುಂಗಿದರೂ ಸೈನಿಕರನ್ನು ಮಲೇರಿಯಾ ಬಿಡಲಿಲ್ಲ. ಶಾನನ್ ತಂಡ ಇಲ್ಲಿಯೂ ಅಳತೆಗಿಳಿಯಿತು. ಔಷಧವೆಲ್ಲ ಅಂಗಾಂಶಗಳಿಗೆ ಸೇರಿ, ರಕ್ತದಲ್ಲಿ ಸಾಲುತ್ತಿರಲಿಲ್ಲ! ಮೊದಲು ಹೆಚ್ಚು, ನಂತರ ದಿನವೂ ಸ್ವಲ್ಪ ಕೊಟ್ಟಾಗ ರೋಗ ಹತೋಟಿಗೆ ಬಂತು. ಮೈ ಮಾತ್ರ ಹಳದಿಯಾಗುತ್ತಿತ್ತು.

ಶಾನನ್ 1955ರಿಂದ 1968ರವರೆಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದರು. ಆ ಅವಧಿಯಲ್ಲಿ ಅವುಗಳ ವಾರ್ಷಿಕ ಅನುದಾನ 100 ಕೋಟಿ ಡಾಲರ್ ದಾಟಿತು.