ವಸಂತದ ಬೆಟ್ಟಗಳೂ ಪಾಸ್ಖದ ಸಂತೋಷವೂ

ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಣ ಯಾವುದಾದರೊಂದು ಭಾನುವಾರ ಪಾಸ್ಖ ಹಬ್ಬವು ಬರುತ್ತದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಅದು ಹಿಮ ಕರಗುವ ಕಾಲ. ಹಿಮಜಾರಾಟದ ತಾಣಗಳಲ್ಲಿ ಚಳಿಗಾಲದ ಕೊನೆಯ ಜನಸಂದಣಿ ನೆರೆಯುವುದೂ ಆಗಲೇ. ಮುಂಜಾನೆ ಗಟ್ಟಿಯಾದ ಹಿಮದ ಮೇಲೆ ಜಾರಾಟ, ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾದೊಡನೆ ಸಂಗೀತ, ವಿನೋದ.

ಧರ್ಮಸಭೆಯು ಬೆಟ್ಟದ ಸಂತೋಷವನ್ನು ಎಂದೂ ಹಗುರವಾಗಿ ಕಂಡಿಲ್ಲ. ಸ್ವತಃ ಪರ್ವತಾರೋಹಿಯಾಗಿದ್ದ ಜಗದ್ಗುರು ಹನ್ನೊಂದನೆಯ ಪಯಸ್‌ರವರು 1923ರಲ್ಲಿ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದರು. ಬೆಟ್ಟ ಹತ್ತುವುದನ್ನೂ ಹಿಮಜಾರಾಟವನ್ನೂ ಪ್ರೀತಿಸಿದ ಇಟಲಿಯ ತರುಣ ಪಿಯೆರ್ ಜಾರ್ಜಿಯೊ ಫ್ರಸಾತಿಯವರು 2025ರ ಸೆಪ್ಟೆಂಬರ್ 7ರಂದು ಸಂತರ ಸಾಲಿಗೆ ಸೇರಿದರು. ಟ್ಯೂರಿನ್ ನಗರದ ಬಡವರ ಸೇವೆ ಮಾಡುತ್ತ, 1925ರಲ್ಲಿ 24ನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ತರುಣನಿಗೆ ಬಲಿಪೂಜೆ ಮೊದಲು, ಬೆಟ್ಟ ಆನಂತರ.

ನಮ್ಮ ತುಮಕೂರು ಸೀಮೆಯಲ್ಲಿ ಹಿಮವಿಲ್ಲ. ಬೆಟ್ಟಗಳಿಗೆ ಮಾತ್ರ ಬರವಿಲ್ಲ. ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿ ದೇವರಾಯನದುರ್ಗ, ಅದರ ಬುಡದಲ್ಲಿ ನಾಮದ ಚಿಲುಮೆ. ಕುಣಿಗಲ್ ಸೀಮೆಯಲ್ಲಿ ಹುತ್ರಿದುರ್ಗ, ಹುಲಿಯೂರುದುರ್ಗ. ಗುಬ್ಬಿಯವರಿಗೆ ಕಡಬದ ಕೆರೆಯ ಏರಿಯೂ ಹತ್ತಿರ. ಹೊಂಗೆ ಚಿಗುರಿ ಮಾವು ಕಾಯಿ ಕಟ್ಟುವ ಈ ದಿನಗಳಲ್ಲಿ ಮಕ್ಕಳಿಗೆ ಬೇಸಿಗೆ ರಜೆಯೂ ಸಮೀಪಿಸುತ್ತದೆ.

ಇಲ್ಲಿಯೇ ಒಂದು ಎಚ್ಚರ ಅಗತ್ಯ. ಶುಭ ಶುಕ್ರವಾರದ ರಜೆಯು ಶನಿವಾರ, ಭಾನುವಾರಗಳೊಡನೆ ಕೂಡಿ ಬರುವುದರಿಂದ, ಮೂರು ದಿನ ವಿಹಾರಧಾಮದಲ್ಲಿ ಕೊಠಡಿ ಹಿಡಿಯುವ ಆಸೆ ಕ್ರೈಸ್ತ ಕುಟುಂಬಗಳಲ್ಲಿಯೂ ಮೂಡುವುದುಂಟು. ಶಿಲುಬೆಯ ಹಾದಿಯ ಹೊತ್ತಿಗೆ ಈಜುಕೊಳದ ಬಳಿಯಿರುವ ಮಗುವಿಗೆ ಆ ದಿನದ ಮೌನವನ್ನು ಮುಂದೆ ಕಲಿಸುವವರಾರು? ಪಾಸ್ಖದ ಜಾಗರಣೆಯಲ್ಲಿ ಮೇಣದಬತ್ತಿ ಹಿಡಿಯದ ಕೈಗೆ ಬೆಳಕಿನ ಅರ್ಥ ತಿಳಿಯುವುದೆಂತು?

ವಿಹಾರ ಬೇಡವೆಂದಲ್ಲ, ಅದಕ್ಕೆ ತಕ್ಕ ಹೊತ್ತು ಬೇರೆಯಿದೆ. ಇಟಲಿಯ ಕುಟುಂಬಗಳು ಪಾಸ್ಖದ ಮರುದಿನ ಸೋಮವಾರ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೊರಡುತ್ತವೆ. ನಮಗೆ ಸೋಮವಾರ ರಜೆಯಿಲ್ಲದಿದ್ದರೂ ಪಾಸ್ಖಕಾಲವು ಪೆಂತೆಕೋಸ್ತಿನವರೆಗೆ 50 ದಿನಗಳುಂಟು. ಒಂದು ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿ, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು, ಅಜ್ಜಿ ತಾತಂದಿರನ್ನೂ ನೆರೆಮನೆಯ ಒಂಟಿ ಹಿರಿಯರನ್ನೂ ಕರೆದುಕೊಂಡು ಹೊರಡಬಹುದು. ಈ ಕಾಲದಲ್ಲಿ ಕಾಡಿನ ಹುಲ್ಲು ಒಣಗಿರುತ್ತದೆ. ಅಲ್ಲಿ ಒಲೆ ಹೊತ್ತಿಸುವುದು ಬೇಡ, ಎಂಜಲೆಲೆ, ಪ್ಲಾಸ್ಟಿಕ್ ಬಿಟ್ಟು ಬರುವುದೂ ಬೇಡ. ಬಿಸಿಲೇರುವ ಮುನ್ನ ನೆರಳು ಸೇರುವುದು ಲೇಸು.

ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರನ್ನು ಗಲಿಲೇಯದ ಬೆಟ್ಟಕ್ಕೆ ಬರಹೇಳಿದರೆಂದು ಸಂತ ಮತ್ತಾಯರ ಶುಭಸಂದೇಶ ತಿಳಿಸುತ್ತದೆ. ಆದರೆ ಆ ಬೆಟ್ಟಕ್ಕೂ ಮೊದಲು ಕಲ್ವಾರಿ ಬೆಟ್ಟವಿತ್ತು. ಈ ಕ್ರಮವನ್ನು ಮನೆಯ ಹಿರಿಯರು ಪಾಲಿಸಿದರೆ ಮಕ್ಕಳು ತಾವಾಗಿಯೇ ಕಲಿಯುತ್ತಾರೆ.